ಪದಚರ್ಚೆ: ‘ಮಾದರಿ ವಿಮಾನ’, ‘ಸ್ಪಾಟರ್’, ‘ನೋದಕ’ – ಬೋರ್ಡಿಗೆ ಇವತ್ತೇ ಬೇಕು

ಬರೆದವರು: ಗಾಳಿಪಟ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ ಪೇಂಟರ್ ಬರುತ್ತಾರೆ. ಅಷ್ಟರೊಳಗೆ ಒಂದು ಬೋರ್ಡಿನ ಮಾತು ಸರಿಯಾಗಬೇಕು.

ನಾವು ಏಳೆಂಟು ಜನ ಭಾನುವಾರ ಬೆಳಿಗ್ಗೆ ಊರಾಚೆ ಒಂದು ಹೊಲದಲ್ಲಿ ರಿಮೋಟ್ ವಿಮಾನ ಹಾರಿಸುತ್ತೇವೆ. ಮೆಕ್ಕೆಜೋಳ ಮುರಿದಾದ ಮೇಲೆ ಬಿತ್ತನೆವರೆಗೆ ಹೊಲ ಖಾಲಿ. ಯಜಮಾನರು ಒಳ್ಳೆಯವರು, ಬಾಡಿಗೆ ಕೇಳಲಿಲ್ಲ. ತೊಂದರೆ ಇರುವುದು ನೋಡೋಕೆ ಬರುವ ಜನರದ್ದು. ಹೋದ ವಾರ ಇಳಿಯುತ್ತಿದ್ದ ವಿಮಾನ ಹಿಡಿಯೋಕೆ ಒಬ್ಬ ಹುಡುಗ ಅಡ್ಡ ಓಡಿ ಬಂದ. ದಾರ ಹರಿದ ಗಾಳಿಪಟದ ಹಿಂದೆ ಓಡುತ್ತಾರಲ್ಲ, ಹಾಗೆ. ವಿಮಾನ ಒಂದೂವರೆ ಕೆಜಿ, ಮೂತಿಯಲ್ಲಿ ತಿರುಗುವ ಪ್ರೊಪೆಲರ್. ಪುಣ್ಯಕ್ಕೆ ಥ್ರಾಟಲ್ ಕೊಟ್ಟು ಮೇಲಕ್ಕೆತ್ತಿದೆ. ಆಮೇಲೆ ಹತ್ತು ನಿಮಿಷ ಕೈ ನಡುಗುತ್ತಿತ್ತು.

ಹಾಗಾಗಿ ಬೋರ್ಡು. ಇಂಗ್ಲಿಷ್ ನಿಯಮಗಳನ್ನು ನೋಡಿಕೊಂಡು ನಾನು ಬರೆದದ್ದು ಇದು:

‘ಮಾದರಿ ವಿಮಾನ ಹಾರಾಟ ಪ್ರದೇಶ. ವೀಕ್ಷಕರು ಸುರಕ್ಷತಾ ರೇಖೆಯ ಹಿಂದೆ ನಿಲ್ಲತಕ್ಕದ್ದು. ಚಾಲಕ ಹಾಗೂ ವೀಕ್ಷಕರನ್ನು ಮಾತನಾಡಿಸಬಾರದು. ಚಲಿಸುತ್ತಿರುವ ನೋದಕದಿಂದ ದೂರವಿರಿ.’

ಯಜಮಾನರಿಗೆ ಓದಿ ಹೇಳಿದೆ. ‘ಮಾದರಿ ವಿಮಾನ ಅಂದ್ರೆ ಮಾದರಿ ಶಾಲೆ ಇದ್ದಂಗಾ? ಬೇರೆ ವಿಮಾನಗಳು ಇದನ್ನ ನೋಡಿ ಕಲೀಬೇಕಾ?’ ಅಂದರು. ‘ನೋದಕ’ (ಪ್ರೊಪೆಲರ್‌ಗೆ ನಾನು ಹಾಕಿದ ಪದ) ಅಂದಾಗ ಬಾವಿ ಕಡೆ ನೋಡಿದರು. ಉದಕ ಅಂದುಕೊಂಡಿದ್ದರು, ಪಾಪ.

ಇನ್ನೊಂದು ಗೊಂದಲ. ಹಾರಿಸುವವನ ಪಕ್ಕದಲ್ಲಿ ಒಬ್ಬ ನಿಂತಿರುತ್ತಾನೆ. ಹಾರಿಸುವವನ ಕಣ್ಣು ವಿಮಾನದ ಮೇಲೆ. ಇವನ ಕಣ್ಣು ಮಿಕ್ಕ ಎಲ್ಲದರ ಮೇಲೆ: ಬೇರೆ ವಿಮಾನ, ಹದ್ದು, ಕರೆಂಟ್ ತಂತಿ, ಒಳಗೆ ನುಗ್ಗುವ ಮೇಕೆ. ನಾವು ಸ್ಪಾಟರ್ ಅನ್ನುತ್ತೇವೆ. ಅವನೂ ‘ವೀಕ್ಷಕ’, ಮಂಡಕ್ಕಿ ತಿನ್ನುತ್ತಾ ನಿಂತವರೂ ‘ವೀಕ್ಷಕರು’ ಆದರೆ ಹೇಗೆ? ದಯವಿಟ್ಟು ಬೇಗ ಹೇಳಿ.

—

ಬರೆದವರು: ಬಾನಾಡಿ

ವಿಮಾನ ಸಕ್ಕದ, ಅಂದರೆ ಸಂಸ್ಕೃತ. ಬಾನೋಡ ಅನ್ನಿ. ಮಾದರಿ ಬಿಡಿ, ಕಿರುಬಾನೋಡ. ಸ್ಪಾಟರ್ = ನೋಟಗಾರ. ನೋದಕ = ನೂಕುಗ. ಮುಗಿಯಿತು.

—

ಬರೆದವರು: ಹೊಳೆದಂಡೆ, ಹರಿಹರ

> ಮುಗಿಯಿತು.

ಮುಗಿಯಲಿಲ್ಲ. ನೋಟಗಾರ ಅಂದರೆ ಹಿಂದೆ ಅರಮನೆ ಲೆಕ್ಕದಲ್ಲಿ ನಾಣ್ಯ ಪರೀಕ್ಷೆ ಮಾಡುತ್ತಿದ್ದವನು. ಹಣ ಖೋಟಾ ಹೌದೋ ಅಲ್ಲವೋ ನೋಡಿ ಹೇಳುವುದು ಅವನ ಕೆಲಸ. ಅವನನ್ನು ತಂದು ಹೊಲದಲ್ಲಿ ನಿಲ್ಲಿಸಬೇಡಿ. ‘ಗಾರ’ ಪ್ರತ್ಯಯ ಸಂಸ್ಕೃತದ ‘ಕಾರ’ದಿಂದ ಬಂದದ್ದು ಅಂತ ಬಾನಾಡಿಯವರಿಗೆ ನೆನಪಿಸಬೇಕಾಗಿಲ್ಲ ಅಂದುಕೊಂಡಿದ್ದೇನೆ. ಸಕ್ಕದ ಬೇಡ ಅನ್ನುವವರು ಮೊದಲು ಬಾಲ ಕತ್ತರಿಸಿಕೊಂಡು ಬನ್ನಿ.

ಇನ್ನು ‘ವಿಮಾನ’. ನಮ್ಮ ಹರಿಹರೇಶ್ವರ ಗುಡಿಯನ್ನು ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ. ಗರ್ಭಗುಡಿಯ ಮೇಲೆ ಏಳುವ ಕಟ್ಟಡಕ್ಕೆ ಶಿಲ್ಪಿಗಳು ವಿಮಾನ ಅಂತಲೇ ಅನ್ನುವುದು. ‘ವಿ’ ಉಪಸರ್ಗ, ‘ಮಾ’ ಧಾತು, ಅಳೆಯುವುದು ಅನ್ನುವ ಅರ್ಥ. ಅಳತೆ ಹಾಕಿ ಕಟ್ಟಿದ್ದು ವಿಮಾನ. ಪುಷ್ಪಕ ಹಾರಿದ್ದು ಆಮೇಲಿನ ಕಥೆ. ಇದರ ಬಗ್ಗೆ ಇನ್ನೂ ಮೂರು ಅಂಶ ಇವೆ, ನಾಳೆ ಸವಿಸ್ತಾರ ಬರೆಯುತ್ತೇನೆ.

—

ಬರೆದವರು: ಗಾಳಿಪಟ

ಮೇಷ್ಟ್ರೇ, ನಾಳೆ ಪೇಂಟರ್ ಬರ್ತಾರೆ.

—

ಬರೆದವರು: ಕೋಟೆ ಬೀದಿ, ಚಿತ್ರದುರ್ಗ

ಈ ಕೆಲಸಕ್ಕೆ ನಮ್ಮ ಕಡೆ ಪದ ಮೊದಲಿಂದಲೂ ಇದೆ, ಯಾರೂ ಹೊಸದಾಗಿ ಹುಟ್ಟಿಸಬೇಕಾಗಿಲ್ಲ. ಜೋಳ ಹಾಲುಗಾಳು ಕಟ್ಟಿದಾಗ ಅಟ್ಟಣಿಗೆ ಹತ್ತಿ ನಿಲ್ಲುವವರು ಏನು ಮಾಡುತ್ತಾರೆ? ಹಕ್ಕಿ ಕಾಯುತ್ತಾರೆ. ಹೊಲ ಕಾಯುತ್ತಾರೆ. ದನ ಕಾಯುತ್ತಾರೆ. ‘ಕಾಯು’ ಅನ್ನುವುದರಲ್ಲಿ ನೋಡುವುದೂ ಇದೆ, ಕೂಗುವುದೂ ಇದೆ, ಬಿಟ್ಟು ಹೋಗಬಾರದು ಅನ್ನುವುದೂ ಇದೆ. ‘ವೀಕ್ಷಕ’ ಸುಮ್ನೆ ನೋಡುತ್ತಾನೆ ಅಷ್ಟೆ. ಕಾವಲುಗಾರ ಅನ್ನಿ, ಇಲ್ಲ ‘ಕಾಯುವವರು’ ಅನ್ನಿ.

ಆದರೆ ‘ಮುಗಿಲು ಕಾಯುವವರು’ ಅಂತ ಮಾತ್ರ ಬರೆಸಬೇಡಿ. ನಮ್ಮ ಜಿಲ್ಲೆಯಲ್ಲಿ ಮುಗಿಲು ಕಾಯೋದು ಅಂದರೆ ಮಳೆ ಕಾಯೋದು. ಅರ್ಧ ಊರು ಅದೇ ಕೆಲಸದಲ್ಲಿದೆ.

ನಿಮ್ಮ ಸ್ಪಾಟರ್‌ಗೆ ಒಂದು ಮಾತು ಹೇಳಿ. ಓಬವ್ವನ ಗಂಡ ಊಟಕ್ಕೆ ಹೋಗಿ ಬರೋಷ್ಟರಲ್ಲಿ ಏನಾಯಿತು ಅಂತ ಕೋಟೆ ನೋಡೋಕೆ ಬಂದವರಿಗೆಲ್ಲ ಗೊತ್ತು. ಇವನು ಟೀ ಕುಡಿಯೋಕೆ ಹೋದರೆ ಒನಕೆ ಹಿಡಿಯೋಕೆ ಯಾರೂ ಇರಲ್ಲ.

—

ಬರೆದವರು: ಡಿಕ್ಷನರಿ ಹುಳ

ಕಣ್ + ಕಾವಲು = ಕಣ್ಗಾವಲು, ಆದೇಶ ಸಂಧಿ. ‘ಕಣ್ಗಾವಲಿಗ’ ಯಾಕಾಗಬಾರದು? ‘ನಿಗಾ’ ಕೂಡ ಚೆನ್ನಾಗಿದೆ, ‘ನಿಗಾದಾರ’.

—

ಬರೆದವರು: ಬಾನಾಡಿ

ನಿಗಾ ಪಾರಸಿ. ದಾರ ಪಾರಸಿ. ಒಂದೇ ಪದದಲ್ಲಿ ಎರಡು ಸಲ ಎಡವಿದ್ದೀರಿ.

—

ಬರೆದವರು: ಚಳ್ಳಕೆರೆಯಾಕೆ

ನಾನು ಹಾರಿಸುವವಳು, ಪದಗಳ ಪಂಡಿತೆ ಅಲ್ಲ. ಹಾಗಿದ್ದರೂ ಬೋರ್ಡಿನಲ್ಲಿ ಅರ್ಥ ತಪ್ಪಿದರೆ ಬೆರಳು ಹೋಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

‘ಚಲಿಸುತ್ತಿರುವ ನೋದಕ’ ಅನ್ನುವುದರಲ್ಲಿ ‘ಚಲಿಸುತ್ತಿರುವ’ ಅನ್ನುವುದೇ ತಪ್ಪು. ಬ್ಯಾಟರಿ ವಿಮಾನದಲ್ಲಿ ಲಿಪೊ ಬ್ಯಾಟರಿ ಸಿಕ್ಕಿಸಿದ ಕ್ಷಣದಿಂದ ಪ್ರೊಪೆಲರ್ ಯಾವಾಗ ಬೇಕಾದರೂ ತಿರುಗಬಹುದು. ಥ್ರಾಟಲ್ ಕಡ್ಡಿಗೆ ಅಂಗಿ ತೋಳು ತಾಗಿದರೂ ಸಾಕು. ನಿಂತಿರುವುದೇ ಜಾಸ್ತಿ ಮೋಸ, ಯಾಕೆಂದರೆ ಯಾರೂ ಹೆದರುವುದಿಲ್ಲ. ಅದಕ್ಕೇ ನಾವು ಮೊದಲು ಕೈಯಲ್ಲಿರುವ ಟ್ರಾನ್ಸ್‌ಮಿಟರ್ ಆನ್ ಮಾಡಿ ಆಮೇಲೆ ವಿಮಾನಕ್ಕೆ ಬ್ಯಾಟರಿ ಹಾಕುವುದು. ಮುಗಿಸುವಾಗ ಉಲ್ಟಾ, ಮೊದಲು ವಿಮಾನದ ಬ್ಯಾಟರಿ ತೆಗೆಯುವುದು.

‘ರೆಕ್ಕೆ ಮುಟ್ಟಬೇಡಿ’ ಅಂತಲೂ ಬರೆಸಬೇಡಿ. ಕನ್ನಡದಲ್ಲಿ ಹಕ್ಕಿಗೂ ರೆಕ್ಕೆ, ಫ್ಯಾನಿಗೂ ರೆಕ್ಕೆ. ಜನ ವಿಮಾನದ ಅಗಲ ರೆಕ್ಕೆ ಬಿಟ್ಟು ಮೂತಿ ಹಿಡಿದುಕೊಳ್ಳುತ್ತಾರೆ! ನಮ್ಮ ಹಳ್ಳಿ ಹುಡುಗರು ಅದನ್ನು ‘ಫ್ಯಾನು’ ಅನ್ನುತ್ತಾರೆ. ಫ್ಯಾನಿಗೆ ಕೈ ಹಾಕಬಾರದು ಅಂತ ಎಲ್ಲರ ಅಮ್ಮನೂ ಹೇಳಿರುತ್ತಾಳೆ. ಆ ಹೆದರಿಕೆ ‘ನೂಕುಗ’ಕ್ಕೆ ಬರಲ್ಲ.

‘ಆಟಿಕೆ ವಿಮಾನ’ ಬೇಡವೇ ಬೇಡ. ಆಟಿಕೆ ಅಂದರೆ ಮಗುವಿನ ಕೈಗೆ ಕೊಡುವಂಥದ್ದು. ಆದರೆ ಮಾದರಿ ಅನ್ನುವ ಪದ ಕಾನೂನಿನಲ್ಲೇ ಕೂತಿದೆ. 2021ರ ಡ್ರೋನ್ ನಿಯಮಗಳಲ್ಲಿ 25 ಕೆಜಿ ಒಳಗಿನ, ಕಲಿಕೆಗೋ ಹವ್ಯಾಸಕ್ಕೋ ಹಾರಿಸುವ ವಿಮಾನಕ್ಕೆ ‘ಮಾಡೆಲ್’ ಅಂತಲೇ ಹೆಸರು. ಕಣ್ಣಿಗೆ ಕಾಣುವ ಹಾಗೆ ಹಾರಿಸಬೇಕು ಅನ್ನುವುದೂ ಅದರಲ್ಲೇ ಬರುತ್ತದೆ. ಈ ‘ಕಾಣುವ ಹಾಗೆ’ ಬಗ್ಗೆ ಯಾರೂ ಪದ ಕೇಳಲಿಲ್ಲ, ಆಶ್ಚರ್ಯ. ಎಲ್ಲರೂ ‘ಕಣ್ಣು ಹಾಯುವಷ್ಟು ದೂರ’ ಅಂತ ಬರೆಯುತ್ತಾರೆ. ಅಷ್ಟು ದೂರ ಹೋದರೆ ವಿಮಾನ ಕಪ್ಪು ಚುಕ್ಕೆ. ಅದರ ಯಾವ ರೆಕ್ಕೆ ವಾಲಿದೆ, ಮೂತಿ ನಮ್ಮ ಕಡೆ ಇದೆಯೋ ಆಚೆ ಇದೆಯೋ ತಿಳಿಯಲ್ಲ. ಮೂತಿ ನಮ್ಮ ಕಡೆ ತಿರುಗಿದಾಗ ಎಡಬಲ ಅದಲು ಬದಲಾಗುತ್ತದೆ. ಹೊಸಬರು ಕೆಡವುವುದೇ ಅಲ್ಲಿ. ವಾಲಿದ ರೆಕ್ಕೆ ಯಾವ ಕಡೆ ಕಾಣುತ್ತದೋ ಆ ಕಡೆಗೇ ಕಡ್ಡಿ ಒತ್ತು ಅಂತ ನಾನು ಕಲಿಸುವುದು. ಹಾಗಾಗಿ ‘ವಾಲಿದ್ದು ಗೊತ್ತಾಗುವಷ್ಟು ದೂರ’ ಅನ್ನಿ. ಉದ್ದವಾಯಿತು, ಆಗಲಿ.

ಎತ್ತರದ್ದೂ ಹೇಳಿಬಿಡುತ್ತೇನೆ. ಮೊದಲೇ ಅನುಮತಿ ಕೇಳದೆ ಹಾರಿಸಬಹುದಾದ ಹಸಿರು ವಲಯದಲ್ಲಿ ಮಿತಿ 400 ಅಡಿ, ಅಂದರೆ 120 ಮೀಟರ್. ಸರ್ಕಾರದ ಡಿಜಿಟಲ್ ಸ್ಕೈ ನಕಾಶೆಯಲ್ಲಿ ನಿಮ್ಮ ಹೊಲ ಯಾವ ಬಣ್ಣದಲ್ಲಿದೆ ನೋಡಿಕೊಳ್ಳಿ. ನಮ್ಮ ಚಳ್ಳಕೆರೆ ತಾಲ್ಲೂಕಿನಲ್ಲಿ ಡಿಆರ್‌ಡಿಒದವರು ಪೈಲಟ್ ಇಲ್ಲದ ವಿಮಾನಗಳನ್ನು ಪರೀಕ್ಷೆ ಮಾಡುವ ಜಾಗ ಇದೆ, 2017ರಲ್ಲಿ ಉದ್ಘಾಟನೆ ಆದದ್ದು. ಅದರ ಆಸುಪಾಸಿನಲ್ಲಿ ನಾನು ಬಾಕ್ಸ್ ಕೂಡ ಬಿಚ್ಚಲ್ಲ.

—

ಬರೆದವರು: ಬಾನಾಡಿ

ಫ್ಯಾನು, ರಿಮೋಟು, ಮಾಡೆಲ್ಲು, ಬ್ಯಾಟರಿ. ಇನ್ನು ಉಳಿದ ಕನ್ನಡ ‘ಬೇಡಿ’ ಒಂದೇ. ಸೋಮಾರಿತನಕ್ಕೆ ‘ಜನಬಳಕೆ’ ಅಂತ ಹೆಸರಿಟ್ಟು ಎಷ್ಟು ದಿನ ನಡೆಸುತ್ತೀರಿ? ಪದ ಕೊಟ್ಟರೆ ಜನ ಬಳಸುತ್ತಾರೆ. ಕೊಡುವವರಿಗೆ ಬೆನ್ನುಮೂಳೆ ಇರಬೇಕು.

—

ಬರೆದವರು: ಹೊಳೆದಂಡೆ, ಹರಿಹರ

ಇಲ್ಲಿ ಮಾತ್ರ ಬಾನಾಡಿಯವರ ಪಕ್ಷ ನನ್ನದು. ಉದಾಹರಣೆ ಕೊಡುತ್ತೇನೆ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರ ಶುರು ಮಾಡಿದರು. ಅದರ ಹೆಸರು ‘ಆಕಾಶವಾಣಿ’. ಮುಂದೆ ಇಡೀ ದೇಶ ಅದನ್ನು ಒಪ್ಪಿಕೊಂಡಿತು. ಒಳ್ಳೆಯ ಪದ ನಿಲ್ಲುತ್ತದೆ.

—

ಬರೆದವರು: ಮಿಲ್ ಕಾಲೋನಿ, ದಾವಣಗೆರೆ

ಮೇಷ್ಟ್ರೇ, ಕೇಂದ್ರ ಆಕಾಶವಾಣಿ ಆಯಿತು, ಸರಿ. ಮನೆಯಲ್ಲಿದ್ದ ಪೆಟ್ಟಿಗೆಗೆ ಏನಂದರು? ನಮ್ಮಪ್ಪ ‘ರೇಡಿಯೊ ಹಚ್ಚು’ ಅನ್ನುತ್ತಿದ್ದರು. ‘ಆಕಾಶವಾಣಿ ಹಚ್ಚು’ ಅಂದವರನ್ನು ನಾನು ನೋಡಿಲ್ಲ. ದೊಡ್ಡ ಸಂಸ್ಥೆಗೆ ದೊಡ್ಡ ಹೆಸರು, ಕೈಗೆ ಸಿಗುವ ವಸ್ತುವಿಗೆ ಬಂದ ಹೆಸರು. ಹತ್ತಿ ಮಿಲ್ಲಿನಲ್ಲೂ ಹಾಗೇ. ಜಾಬರ್, ಫಿಟ್ಟರ್, ಬಾಬಿನ್ ಅಂತಲೇ ಒಂದು ಆಯುಷ್ಯ ಕಳೆದರು. ಅವರ ಕನ್ನಡಕ್ಕೆ ಏನೂ ಆಗಲಿಲ್ಲ. ಜಗಳ ಆಡುವಾಗ ಒಂದೇ ಒಂದು ಇಂಗ್ಲಿಷ್ ಪದ ಬರುತ್ತಿರಲಿಲ್ಲ.

—

ಬರೆದವರು: ಬಾನಾಡಿ

ಪ್ರಶ್ನೆ ಬೋರ್ಡಿನದ್ದು. ನಿಮ್ಮ ಅಪ್ಪನವರದ್ದಲ್ಲ.

—

ಬರೆದವರು: ಮಿಲ್ ಕಾಲೋನಿ, ದಾವಣಗೆರೆ

‘ಬೋರ್ಡು’ ಯಾವ ಕನ್ನಡ ಸ್ವಾಮಿ?

—

ಬರೆದವರು: ಡಿಕ್ಷನರಿ ಹುಳ

ಹಲಗೆ.

—

ಬರೆದವರು: ಕೋಟೆ ಬೀದಿ, ಚಿತ್ರದುರ್ಗ

ಅಣ್ಣಂದಿರಾ, ಸಾಕು. ಗಾಳಿಪಟ ಅವರಿಗೆ ಒಂದು ಪ್ರಶ್ನೆ. ವಿಮಾನ ಕೈತಪ್ಪಿ ಜನರ ಕಡೆ ಬಂದರೆ ನೀವು ಏನಂತ ಕೂಗುತ್ತೀರಿ? ಬೋರ್ಡಿಗಿಂತ ಅದು ಮುಖ್ಯ ಅಲ್ವಾ?

—

ಬರೆದವರು: ಗಾಳಿಪಟ

ಒಳ್ಳೆ ಪ್ರಶ್ನೆ. ಇಂಜಿನ್ ಆಕಾಶದಲ್ಲೇ ನಿಂತರೆ ‘ಡೆಡ್ ಸ್ಟಿಕ್’ ಅಂತ ಕೂಗುತ್ತೇವೆ. ಅದು ನಮ್ಮವರಿಗೆ, ಅವರು ಜಾಗ ಬಿಡುತ್ತಾರೆ. ಜನರಿಗೆ ಒಮ್ಮೆ ‘ಹೆಡ್ಸ್ ಅಪ್’ ಅಂದೆವು, ಯಾರೂ ಅಲುಗಾಡಲಿಲ್ಲ. ಇನ್ನೊಮ್ಮೆ ‘ಓಡ್ರಿ’ ಅಂದೆವು. ಬೆನ್ನು ತಿರುಗಿಸಿ ಓಡಿದರು, ಇಬ್ಬರು ವಿಮಾನ ಬೀಳುವ ಕಡೆಗೇ ಓಡಿದರು. ಮೊದಲು ಮೇಲೆ ನೋಡಬೇಕು, ಆಮೇಲೆ ಸರಿಯಬೇಕು. ಈಗ ‘ಬಂತು, ಬಂತು!’ ಅನ್ನುತ್ತೇವೆ. ಏನು ಬಂತು ಅಂತ ಎಲ್ಲರೂ ತಲೆ ಎತ್ತುತ್ತಾರೆ. ಇದು ಮೇಕೆ ಕಾಯುವ ಹುಡುಗ ಕಲಿಸಿದ್ದು.

ಅದನ್ನು ಬರೆಯುತ್ತಾ ಒಂದು ಹೊಳೆಯಿತು. ನಮ್ಮ ನಮ್ಮೊಳಗೆ ಸ್ಪಾಟರ್, ಡೆಡ್ ಸ್ಟಿಕ್, ಫೇಲ್‌ಸೇಫ್ ಇರಲಿ. ಫೇಲ್‌ಸೇಫ್‌ಗೂ ಪದ ಕೇಳೋಣ ಅಂತಿದ್ದೆ. ಸಿಗ್ನಲ್ ತಪ್ಪಿದರೆ ರಿಸೀವರ್ ತಾನೇ ಥ್ರಾಟಲ್ ಮುಚ್ಚುವ ಏರ್ಪಾಡು ಅದು. ಪ್ರತಿ ಭಾನುವಾರ ವಿಮಾನ ಹಿಡಿದುಕೊಂಡು, ಟ್ರಾನ್ಸ್‌ಮಿಟರ್ ಆಫ್ ಮಾಡಿ, ಮೋಟಾರ್ ನಿಲ್ಲುತ್ತದೆಯೋ ಇಲ್ಲವೋ ನೋಡುತ್ತೇವೆ. ಅದನ್ನು ನೋಡುವವರು ನಾವೇ, ಬೋರ್ಡು ಓದುವವರಲ್ಲ. ಓದುವವರಿಗೆ ನಮ್ಮ ಸಾಮಾನಿನ ಹೆಸರು ಬೇಕಿಲ್ಲ, ಎಲ್ಲಿ ನಿಲ್ಲಬೇಕು ಅಂತ ಗೊತ್ತಾದರೆ ಸಾಕು. ಹಾಗಾಗಿ ಸ್ಪಾಟರ್‌ಗೆ ಪದವೇ ಹಾಕಿಲ್ಲ. ಪೇಂಟರ್‌ಗೆ ಕೊಡುತ್ತಿರುವುದು ಇದು:

‘ರಿಮೋಟ್ ವಿಮಾನ ಹಾರಿಸುವ ಜಾಗ. ಇದು ಆಟಿಕೆ ಅಲ್ಲ.
ಹಗ್ಗದ ಈಚೆ ನಿಂತು ನೋಡಿ. ದನ, ಮೇಕೆ ಒಳಗೆ ಬಿಡಬೇಡಿ.
ಹಾರಿಸುವವರನ್ನೂ ಅವರ ಪಕ್ಕ ನಿಂತು ಕಾಯುವವರನ್ನೂ ಮಾತಾಡಿಸಬೇಡಿ.
ನಿಂತ ಫ್ಯಾನಿಗೂ ಕೈ ಹಾಕಬೇಡಿ.
ಬಂತು ಅಂತ ಕೂಗಿದರೆ ಓಡಬೇಡಿ. ಮೊದಲು ಮೇಲೆ ನೋಡಿ.’

—

ಬರೆದವರು: ಚಳ್ಳಕೆರೆಯಾಕೆ

ನಂದೂ ಒಂದು ಬೋರ್ಡು ಇದೇ ಥರ ಬರೆಸುತ್ತೇನೆ. ‘ಕೈ ಕೊಡಬೇಡಿ’ ಅಂತ ಬರೆಯಲಿಲ್ಲ, ಬಚಾವ್.

—

ಬರೆದವರು: ಬಾನಾಡಿ

ಇದು ಕನ್ನಡವೇ ಅಲ್ಲ. ಆದರೂ ‘ನಿಂತ ಫ್ಯಾನಿಗೂ’ ಅನ್ನುವಲ್ಲಿ ‘ಊ’ ಚೆನ್ನಾಗಿ ಕೂತಿದೆ.

—

ಬರೆದವರು: ಹೊಳೆದಂಡೆ, ಹರಿಹರ

‘ಹಗ್ಗದ ಈಚೆ’ ಪರಿಶೀಲಿಸಿ. ಈಚೆ, ಆಚೆ ಅನ್ನುವುದು ಹೇಳುವವನು ನಿಂತ ಜಾಗದ ಮೇಲೆ ಹೋಗುತ್ತದೆ. ಇಲ್ಲಿ ಹೇಳುತ್ತಿರುವುದು ಹಲಗೆ. ಹಲಗೆ ಹೊಲದ ಒಳಗಿದ್ದರೆ ಈಚೆ ಅಂದರೆ ಹೊಲದ ಒಳಗೆ! ನಿಮ್ಮ ಹುಡುಗ ಮತ್ತೆ ವಿಮಾನಕ್ಕೆ ಅಡ್ಡ ಬರುತ್ತಾನೆ, ಈ ಸಲ ಬೋರ್ಡು ಓದಿಕೊಂಡು ಬರುತ್ತಾನೆ.

—

ಬರೆದವರು: ಗಾಳಿಪಟ

ಮೇಷ್ಟ್ರೇ, ನಿಮ್ಮ ಅಂಚೆ ನೋಡುವ ಹೊತ್ತಿಗೆ ಪೇಂಟರ್ ಆ ಸಾಲು ಮುಗಿಸಿದ್ದರು. ಅವರೂ ಅದನ್ನೇ ಕೇಳಿದರು, ‘ಈಚೆ ಅಂದ್ರೆ ಯಾವ ಕಡೆ ಸರ್?’ ಅಂತ. ನಾನು ಕೈ ತೋರಿಸಿದೆ. ಅವರು ‘ಈಚೆ’ ಪಕ್ಕದಲ್ಲಿ ಕೆಂಪು ಬಣ್ಣದಲ್ಲಿ ಒಂದು ಬಾಣ ಬರೆದರು. ಅದಕ್ಕೆ ದುಡ್ಡು ತಗೊಳ್ಳಲಿಲ್ಲ.