ಕೃಷ್ಣಾ ನೀ ಬೇಗನೆ: ಆರು ತಂತಿ, ಒಂದು ಹೆಬ್ಬೆರಳು

(ಹಾಸ್ಟೆಲ್ ಹಳೇ ಬ್ಯಾಚ್ ಗುಂಪು, ಶನಿವಾರ ರಾತ್ರಿ)

ವಿನಯ್: [ವಿಡಿಯೊ, 3:40]
ಕೃಷ್ಣಾ ನೀ ಬೇಗನೆ ಬಾರೋ, ಒಂದೇ ಅಕೌಸ್ಟಿಕ್ ಗಿಟಾರ್‌ನಲ್ಲಿ. ಹಾಡೋರಿಲ್ಲ, ತಾಳವಾದ್ಯ ಇಲ್ಲ, ಲೂಪರ್ (ನುಡಿಸಿದ್ದನ್ನೇ ಮತ್ತೆ ಮತ್ತೆ ಹಾಕೋ ಡಬ್ಬಿ) ಇಲ್ಲ. ಹುಡುಗ ಯಾರೋ ಗೊತ್ತಿಲ್ಲ, ಕೈ ಮಾತ್ರ ಅದ್ಭುತ. ಪಲ್ಲವಿಯಲ್ಲಿ ಹೆಬ್ಬೆರಳು ಏನು ಮಾಡ್ತಿದೆ ನೋಡಿ.

ಜೆಪಿ: ಒಂದೇ ಗಿಟಾರ್ ಅಂತ ಯಾರು ಹೇಳಿದ್ದು ಮಾರಾಯ? ಬೇಸ್ ಎಡಕಿವಿಗೆ ಬರ್ತದೆ, ಹಾಡು ಬಲಕಿವಿಗೆ. ಎರಡು ಸಲ ನುಡಿಸಿ ಒಂದರ ಮೇಲೊಂದು ಕೂರಿಸಿದ್ದು ಅಂತ ನನ್ನ ಲೆಕ್ಕ.

ವಿನಯ್: ಎಡ ಬಲ ನೋಡಿ ತೀರ್ಪು ಕೊಡಬೇಡ ಗುರು. ನೀನೇ ರೆಕಾರ್ಡಿಂಗ್‌ನವನು. ಒಂದು ಮೈಕ್ ಹನ್ನೆರಡನೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಪಟ್ಟಿ) ಎದುರು ಒಂದು ಗೇಣು ದೂರ, ಇನ್ನೊಂದು ಬ್ರಿಡ್ಜ್ (ಹೊಟ್ಟೆ ಮೇಲೆ ತಂತಿ ಕಟ್ಟೋ ತುಂಡು) ಹಿಂದೆ ಅಗಲವಾದ ಹೊಟ್ಟೆ ಕಡೆ. ಎರಡನ್ನೂ ಎಡಕ್ಕೆ ಬಲಕ್ಕೆ ಹರಡಿದ್ರೆ ಮಂದ್ರ ಒಂದು ಕಡೆ, ಬೆರಳಿನ ಸದ್ದು ಇನ್ನೊಂದು ಕಡೆ ತಾನಾಗೇ ಹೋಗುತ್ತೆ.

ಜೆಪಿ: ಅದು ಸರಿ. ಆದ್ರೆ ಕೈ ಮೇಲೆ ಏಳನೇ ಫ್ರೆಟ್‌ಗೆ ಹೋದಾಗಲೂ ಬೇಸ್ ನಿಲ್ಲುವುದೇ ಇಲ್ಲ. ಅದು ಹೇಗೆ?

ವಿನಯ್: ಬಿಡಿ ತಂತಿ! ಇವನು ಸ್ಟಾಂಡರ್ಡ್ ಶ್ರುತಿಯಲ್ಲಿ ಇಲ್ಲ, ಓಪನ್ ಡಿ. ಆರನೇ ತಂತಿಯಿಂದ ಹಿಡಿದು ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ. ಡಿ ನಮ್ಮ ಸ. ಅಂದ್ರೆ ಎಡಗೈ ಏನೂ ಹಿಡೀದೇ ಇದ್ರೂ ಆರು ತಂತಿಗಳಲ್ಲಿ ಸ ಪ ಸ ಗ ಪ ಸ. ಹೆಬ್ಬೆರಳಿಗೆ ಆರು, ಐದು, ನಾಲ್ಕನೇ ತಂತಿ ಪೂರ್ತಿ ಬಿಟ್ಟುಕೊಟ್ಟು, ಎಡಗೈ ನಾಲ್ಕೂ ಬೆರಳು ಹಾಡಿನ ಕೆಲಸಕ್ಕೆ. ಮೊದಲನೇ ತಂತಿ ಮೇಲೇ ಬಿಡಿ ಸ, 2ರಲ್ಲಿ ರಿ, 4ರಲ್ಲಿ ಗ, 6ರಲ್ಲಿ ಮ, 7ರಲ್ಲಿ ಪ, 9ರಲ್ಲಿ ದ, 11ರಲ್ಲಿ ನಿ, 12ರಲ್ಲಿ ಮೇಲಿನ ಸ. ಕಲ್ಯಾಣಿ ರಾಗ ಒಂದೇ ತಂತಿಯಲ್ಲಿ ಮಲಗಿದೆ.

ವಿನಯ್: ನಿಜವಾದ ಪರೀಕ್ಷೆ 1:12ರಲ್ಲಿದೆ. ಅಲ್ಲಿ ಬೇಸ್ ಇ ಬೇಕು, ಅಂದ್ರೆ ಆರನೇ ತಂತಿ ಎರಡನೇ ಫ್ರೆಟ್. ಹಾಡು ಧೈವತದಲ್ಲಿ, ಮೊದಲನೇ ತಂತಿ ಒಂಬತ್ತನೇ ಫ್ರೆಟ್. ಮಾಮೂಲಿ 25.5 ಇಂಚಿನ ಗಿಟಾರ್‌ನಲ್ಲಿ ಈ ಎರಡು ಫ್ರೆಟ್‌ಗಳ ನಡುವೆ ಸುಮಾರು 19 ಸೆಂ.ಮೀ. ಯಾವ ಕೈಗೂ ಆಗೋದಿಲ್ಲ. ಎರಡು ಟ್ರ್ಯಾಕ್ ಆಗಿದ್ರೆ ಅಲ್ಲಿ ಇ ಪೂರ್ತಿ ಆವರ್ತ (ತಾಳದ ಒಂದು ಸುತ್ತು) ಮೊಳಗ್ತಾ ಇರಬೇಕಿತ್ತು. ಅರ್ಧ ವೇಗದಲ್ಲಿ ಹಾಕಿ ಕೇಳು.

ಶಾಲಿನಿ: ಕೇಳಿದೆ ಕಣೋ. ಮೊದಲನೇ ಮಾತ್ರೆಯಲ್ಲಿ ಇ ಮೀಟಿ, ತಕ್ಷಣ ಕೈ ಎತ್ತಿಬಿಡ್ತಾನೆ. ಕೈ ಜಾರುವಾಗ ತಂತಿ ಸಣ್ಣಗೆ ಕೀರ್ ಅನ್ನುತ್ತೆ, ಅಲ್ಲೇ ಬೇಸ್ ಖಾಲಿ. ಆಮೇಲೆ ಬಿಡಿ ನಾಲ್ಕನೇ ತಂತಿ. ಪೂರ್ಣ ವೇಗದಲ್ಲಿ ಕೇಳಿದಾಗ ಮಾತ್ರ ಇ ಇದ್ದ ಹಾಗೇ ಅನಿಸ್ತಿತ್ತು!

ವಿನಯ್: ಅದೇ ಕಸುಬು. ಆವರ್ತದ ಬಾಗಿಲಲ್ಲಿ ಒಂದು ಸಲ ಬೇಸ್ ಕೊಟ್ಟರೆ ಉಳಿದದ್ದನ್ನು ಕಿವಿ ಹಿಡ್ಕೊಂಡಿರುತ್ತೆ. ಯಾವ ಸ್ವರ ಬಿಡಬಹುದು, ಯಾವುದನ್ನು ಬಿಟ್ಟರೆ ಮನೆ ಬೀಳುತ್ತೆ ಅಂತ ಗೊತ್ತಿರಬೇಕು. ಹಾಡಿನ ದೀರ್ಘ ಸ್ವರ ಯಾವತ್ತೂ ಬಿಡಬಾರದು. ಕಲಿಯೋರು ಮಾಡೋ ತಪ್ಪು ಉಲ್ಟಾ: ಬೇಸ್ ಹಿಡಿಯೋ ಆತುರದಲ್ಲಿ ಹಾಡಿನ ಬೆರಳನ್ನ ಅರ್ಧ ಮಾತ್ರೆ ಮೊದಲೇ ಎತ್ತಿಬಿಡ್ತಾರೆ, ‘ಬಾರೋ’ ಅನ್ನೋದು ‘ಬಾರ್’ ಆಗಿ ನಿಲ್ಲುತ್ತೆ.

ಜೆಪಿ: ಆಯ್ತು, ಒಂದೇ ಗಿಟಾರ್. ಒಪ್ಪಿದೆ. ಆದ್ರೆ ಇನ್ನೊಂದು ಎಂತದೋ ಉಂಟು ಇದರಲ್ಲಿ, ಫೈಲ್ ಇಳಿಸಿ ನೋಡಿ ಹೇಳ್ತೇನೆ.

ಬಸು: ಲೇ ವಿನ್ಯಾ, ಎಲ್ಲಾ ಛಲೋ ಅದ, ಆದ್ರ ಇದರಾಗ ಮೀಂಡ್ (ಕಡಿಯದಂಗ ಸ್ವರ ಎಳೆಯೂದು) ಎಲ್ಲಿ ಅದನೋ? ಸ್ವರದಿಂದ ಸ್ವರಕ್ಕ ಟಕ್ ಟಕ್ ಅಂತ ಜಿಗೀತಾನ. ಮೆಟ್ಟಿಲ ಹತ್ತಿದಂಗ. ಹಾಡು ಹಂಗ ಇರೂದಿಲ್ಲ.

ವಿನಯ್: 0:38 ಕೇಳು ಬಸು. ಮ ಹಿಡಿಯೋಕೆ ಆರನೇ ಫ್ರೆಟ್‌ನಲ್ಲಿ ಒಂದೇ ಸಲ ಮೀಟಿ, ಏಳಕ್ಕೆ ಜಾರಿ, ವಾಪಸ್ ಆರಕ್ಕೆ ಬರ್ತಾನೆ. ಪಂಚಮ ತೋರಿಸಿ ಮಧ್ಯಮದಲ್ಲಿ ನಿಲ್ಲೋದು. ಅಲ್ಲಿ ಎರಡನೇ ಸಲ ಮೀಟಿದ್ರೆ ಗಮಕ ಸತ್ತೇ ಹೋಗುತ್ತೆ.

ಬಸು: ಜಾರೂದು ಬ್ಯಾರೆ, ಎಳೆಯೂದು ಬ್ಯಾರೆ. ಸಿತಾರದಾಗ ಒಂದೇ ಪರದೆ ಮ್ಯಾಲ ತಂತಿ ಎಳೆದ್ರ ನಡುವಿನ ಎಲ್ಲಾ ಶ್ರುತಿ ಬರ್ತಾವ. ಇಲ್ಲಿ ಜಾರುವಾಗ ನಡುವ ಫ್ರೆಟ್ ತಂತಿ ಕಡದ ಹಾಕ್ತದ.

ಶಾಲಿನಿ: ವೀಣೆಯಲ್ಲೂ ಹಾಗೇ. ಕಂಚಿನ ಮೆಟ್ಟಿಲು ಮೇಣದ ಮೇಲೆ ಎತ್ತರಕ್ಕೆ ಕೂತಿರುತ್ತೆ, ಬೆರಳು ತಂತಿಯನ್ನ ಅಡ್ಡಕ್ಕೆ ಎಳೆಯೋಕೆ ಜಾಗ ಇರುತ್ತೆ. ಗಿಟಾರ್ ಫ್ರೆಟ್ ಅಷ್ಟು ತಗ್ಗು. ಆದರೂ ಇವನು ಎಳೀತಿದ್ದಾನೆ ನೋಡು, 2:20.

ವಿನಯ್: ಹೌದು, ಮೊದಲನೇ ತಂತಿ ಇ ಇಂದ ಡಿ ಗೆ ಇಳಿಸಿರೋದ್ರಿಂದ ಬಿಗಿತ ಸುಮಾರು ಶೇ. 20 ಕಮ್ಮಿ. ಬೆರಳಿಗೆ ಬಗ್ಗುತ್ತೆ. ಆದ್ರೆ ಅದಕ್ಕೊಂದು ಬೆಲೆ ಇದೆ: 0.012 ಇಂಚು ದಪ್ಪದ ತಂತಿ ಅಷ್ಟು ಇಳಿದಾಗ ಜೋರಾಗಿ ಮೀಟಿದ್ರೆ ಸ್ವರ ಮೊದಲು ಮೇಲೆ ಹೋಗಿ ಆಮೇಲೆ ಕೆಳಗೆ ಕೂರುತ್ತೆ. ಅದಕ್ಕೇ ಕೆಲವರು 0.013ರ ಸೆಟ್ ಹಾಕ್ತಾರೆ, ಆಗ ಎಳೆಯೋದು ಕಷ್ಟ. ಮೂರನೇ ತಂತಿ ಕೇಳಲೇಬೇಡಿ, ಅದು ಸುತ್ತು ತಂತಿ, ಎಳೆದ್ರೂ ಸ್ವರ ಅಷ್ಟಾಗಿ ಮೇಲೆ ಬರೋದಿಲ್ಲ. ಹಾಗಾಗಿ ಗಮಕ ಬೇಕಾದ ಸಾಲುಗಳೆಲ್ಲ ಮೊದಲೆರಡು ತಂತಿಗೆ.

ರಮ್ಯಾ: ಇದು ನಂದೀಶನ ಗೃಹಪ್ರವೇಶದ ಫೋಟೋ ಹಾಕೋಕೆ ಮಾಡಿದ ಗುಂಪಲ್ವಾ? 🙏

ಶಾಲಿನಿ: ಫೋಟೋ ನಾಳೆ ನೋಡೋಣ ರಮ್ಯಾ, ಈಗ ಜಗಳ.

ಶಾಲಿನಿ: ಒಂದು ವಿಷಯ ಹೇಳಬೇಕು. ‘ಒಬ್ಬನೇ ಎಲ್ಲ ನುಡಿಸ್ತಾನೆ’ ಅಂತ ಬಾಯಿ ಬಿಟ್ಟುಕೊಂಡು ನೋಡ್ತೀವಲ್ಲ, ವೀಣೆ ಅದನ್ನ ಎಷ್ಟೋ ಕಾಲದಿಂದ ಮಾಡ್ತಿದೆ. ಸ್ವರಕ್ಕೆ ನಾಲ್ಕು ತಂತಿ, ಪಕ್ಕದಲ್ಲಿ ತಾಳಕ್ಕೆ ಮೂರು. ತೋರುಬೆರಳು ಮಧ್ಯದ ಬೆರಳು ಹಾಡು ಮೀಟ್ತಿದ್ರೆ, ಕಿರುಬೆರಳು ತಾಳ ಹಾಕ್ತಿರುತ್ತೆ.

ಬಸು: ಸಿತಾರದಾಗ ಚಿಕಾರಿ, ತಾಳಕ್ಕ ಮೀಟೂ ಪಕ್ಕದ ತಂತಿ.

ವಿನಯ್: ಒಪ್ಪಿದೆ. ಆದ್ರೆ ತಾಳದ ತಂತಿ, ಚಿಕಾರಿ ಎರಡೂ ಇದ್ದಲ್ಲೇ ಇರುತ್ತವೆ, ಸ್ವರ ಬದಲಾಗಲ್ಲ. ಇಲ್ಲಿ ಹೆಬ್ಬೆರಳು ಬೇಸ್‌ನಲ್ಲಿ ತಾನೇ ಒಂದು ಸಾಲು ಹೇಳ್ತಿದೆ. ಅಮೆರಿಕದ ಗಿಟಾರ್ ವಾದಕ ಮೆರ್ಲ್ ಟ್ರಾವಿಸ್ ಕೆಂಟಕಿಯಲ್ಲಿ ಹೆಬ್ಬೆರಳು ಮತ್ತೆ ತೋರುಬೆರಳು ಎರಡರಲ್ಲೇ ಇದನ್ನ ನುಡಿಸ್ತಿದ್ದ. ಅದನ್ನ ರೇಡಿಯೊದಲ್ಲಿ ಕೇಳಿದ ಚೆಟ್ ಅಟ್ಕಿನ್ಸ್ ಇನ್ನೂ ಬೆರಳು ಸೇರಿಸಿದ. ಟಾಮಿ ಇಮ್ಯಾನುಯೆಲ್‌ವರೆಗೂ ಅದೇ ಹಾದಿ.

ಬಸು: ಅವರದು ನಾಕ ಮಾತ್ರಿ. ಧಮ್ ಚಕ್ ಧಮ್ ಚಕ್. ನಮ್ಮದು ಮಿಶ್ರ ಛಾಪು, ಏಳು. ಅದರಾಗ ಆ ಹೆಬ್ಬೆರಳು ಕುಂಟೂದಿಲ್ಲೇನ?

ವಿನಯ್: ಇದು ಸರಿಯಾದ ಪ್ರಶ್ನೆ. ಇಲ್ಲೇ ಎಲ್ರೂ ಬೀಳೋದು. ಟ್ರಾವಿಸ್ ಪಾಠದಲ್ಲಿ ಹೆಬ್ಬೆರಳು 6-4-5-4 ಅಂತ ಸಮ ಸಂಖ್ಯೆಯಲ್ಲಿ ಸುತ್ತುತ್ತೆ. ಅದನ್ನ ಏಳಕ್ಕೆ ಹಾಗೇ ಹಾಕಿದ್ರೆ ಎರಡನೇ ಆವರ್ತದಲ್ಲಿ ಆರನೇ ತಂತಿಯ ಮಂದ್ರ ಸ ಇರಬೇಕಾದ ಜಾಗಕ್ಕೆ ನಾಲ್ಕನೇ ತಂತಿ ಬಂದು ಬೀಳುತ್ತೆ. ಆಗ ಹೆದರಿ ಒಂದು ಮಾತ್ರೆ ಸೇರಿಸಿ ಎಂಟು ಮಾಡಿಬಿಡ್ತಾರೆ, ಹಾಡು ಜೋಗುಳ ಆಗುತ್ತೆ. ಇವನು ಏನು ಮಾಡಿದ್ದಾನೆ ಅಂದ್ರೆ, ಹೆಬ್ಬೆರಳನ್ನ ಏಳೂ ಮಾತ್ರೆಗೆ ಓಡಿಸಿಲ್ಲ. ಒಂದಕ್ಕೆ ಆರನೇ ತಂತಿ, ನಾಲ್ಕಕ್ಕೆ ಐದನೇ ತಂತಿ, ಆರಕ್ಕೆ ನಾಲ್ಕನೇ ತಂತಿ. ತಕಿಟ, ತಕ, ದಿಮಿ. ಮಂದ್ರ ಸ, ಪ, ಸ. ನಡುವಿನ ಮಾತ್ರೆಗಳಲ್ಲಿ ತೋರುಬೆರಳು, ಮಧ್ಯದ ಬೆರಳು ಮೂರು ಎರಡನೇ ತಂತಿಯನ್ನ ಹಗುರಾಗಿ ಮುಟ್ಟುತ್ತವೆ. ಮೊದಲನೇ ತಂತಿ ಉಂಗುರ ಬೆರಳಿನದು.

ಶಾಲಿನಿ: ಬೇಸ್ ಸದ್ದು ಮೊಂಡಾಗಿದ್ಯಲ್ಲ, ಮೃದಂಗದ ಎಡಗೈ ಥರ?

ವಿನಯ್: ಅಂಗೈ ಬುಡವನ್ನ ಬ್ರಿಡ್ಜ್ ಅಂಚಿಗೆ ಆನಿಸಿದ್ದಾನೆ. ಮೂರೇ ತಂತಿ ಮೇಲೆ. ಮೂರು ನಾಲ್ಕು ಮಿ.ಮೀ. ಮುಂದೆ ಬಂದ್ರೆ ಸ್ವರವೇ ಇಲ್ಲ, ಬರೀ ದಬ್ ದಬ್. ಹಿಂದೆ ಹೋದ್ರೆ ಬೇಸ್ ಉಕ್ಕಿ ಹಾಡನ್ನ ನುಂಗುತ್ತೆ. ಕೈ ಸ್ವಲ್ಪ ವಾಲಿದ್ರೆ ಮೂರನೇ ತಂತಿಯ ಗಾಂಧಾರವೂ ಸತ್ತಿತು. ಮೊದಲ ವಾರ ಹಾಡು ಪಕ್ಕಕ್ಕಿಟ್ಟು ಇದೊಂದೇ ಮಾಡಬೇಕು: ಹೆಬ್ಬೆರಳು ಮಾತ್ರ, ಮೂರು ತಂತಿ, ಬಾಯಲ್ಲಿ ತಕಿಟ ತಕದಿಮಿ. ಹೆಬ್ಬೆರಳು ಓಡ್ತಿರುವಾಗ ಬಾಯಲ್ಲಿ ಪಲ್ಲವಿ ಹಾಡೋಕೆ ಬಂದ್ರೆ ಆಗ ಉಳಿದ ಬೆರಳು ಇಳಿಸಬಹುದು. ಬಾಯಿಗೆ ಬರದೇ ಇದ್ದದ್ದು ಬೆರಳಿಗೆ ಬರಲ್ಲ.

ಬಸು: ಗಾಂಧಾರ ಅಂದಿ ಅಲಾ, ಅಲ್ಲೇ ನನ್ನ ಕಿವಿ ಚುಚ್ಚತದ. ಮೂರನೇ ತಂತಿ ಬಿಡಿ ಗಾಂಧಾರ ತಂಬೂರಿ ಜೊತಿ ಕೂಡೂದಿಲ್ಲ. ಫ್ರೆಟ್ ಮ್ಯಾಲಿನ ಗಾಂಧಾರ 14 ಸೆಂಟ್ ಏರು, ಅಂದ್ರ ಅರ್ಧ ಸ್ವರದ ನೂರರಾಗ 14 ಪಾಲು.

ವಿನಯ್: ಆ ಬಿಡಿ ತಂತಿಯನ್ನ 14 ಸೆಂಟ್ ಇಳಿಸಬಹುದು. ಟ್ಯೂನರ್ ಮುಳ್ಳು ನಡುವಿಗಿಂತ ಸ್ವಲ್ಪ ಎಡಕ್ಕೆ. ಆದ್ರೆ ಆ ತಂತಿ ಮೇಲೆ ಎಲ್ಲಿ ಒತ್ತಿದ್ರೂ ಅಷ್ಟೇ ಇಳಿದಿರುತ್ತೆ, ಮೂರನೇ ಫ್ರೆಟ್‌ನ ಪ ಕೆಡುತ್ತೆ. ಅದಕ್ಕೇ ಇವನು ಮೂರನೇ ತಂತಿಯಲ್ಲಿ ಹಾಡೇ ನುಡಿಸಿಲ್ಲ, ಪೂರ್ತಿ ನೋಡು. ಅದು ಶ್ರುತಿಗೆ ಮಾತ್ರ.

ಬಸು: ಹ್ಞೂಂ. ಅಷ್ಟ ಕಿವಿ ಅದ ಅವಂಗ.

ಶಾಲಿನಿ: ಗಿಟಾರ್‌ನವರು ಡ್ಯಾಡ್‌ಗ್ಯಾಡ್ ಅಂತ ಹೇಳ್ತಿರ್ತಾರಲ್ಲ, ನಮ್ಮ ಸಂಗೀತಕ್ಕೆ ಅದೇ ಸರಿ ಅಂತ. ಅದ್ಯಾಕೆ ಇಟ್ಟಿಲ್ಲ?

ವಿನಯ್: ಡಿ ಎ ಡಿ ಜಿ ಎ ಡಿ. ಇಂಗ್ಲೆಂಡಿನ ಡೇವಿ ಗ್ರಹಾಂ 1960ರ ದಶಕದಲ್ಲಿ ಬಳಕೆಗೆ ತಂದ ಶ್ರುತಿ, ಮೊರಾಕ್ಕೊದ ಊದ್ ವಾದಕರ ಜೊತೆ ನುಡಿಸೋಕೆ ಅನುಕೂಲ ಆಗ್ಲಿ ಅಂತ. ಅದರಲ್ಲಿ ಮೂರನೇ ತಂತಿ ಜಿ, ಅಂದ್ರೆ ಶುದ್ಧ ಮಧ್ಯಮ, ಕಲ್ಯಾಣಿಯ ಮಧ್ಯಮಕ್ಕಿಂತ ಅರ್ಧ ಸ್ವರ ಕೆಳಗೆ. ನೀನು ಮುಟ್ಟದೇ ಇದ್ರೂ ಉಳಿದ ತಂತಿ ಜೊತೆ ಅದು ಗುನುಗ್ತಾ ಇರುತ್ತೆ. ಪ್ರತಿ ಮಧ್ಯಮದ, ಅಂದ್ರೆ ಏರು ಮಧ್ಯಮದ ರಾಗದ ಅಡಿಯಲ್ಲಿ ಶುದ್ಧ ಮಧ್ಯಮದ ಶ್ರುತಿ! ಶುದ್ಧ ಮಧ್ಯಮ ಇರೋ ಖರಹರಪ್ರಿಯ ರಾಗಕ್ಕೆ ಇಟ್ಕೋ ಬೇಕಾದ್ರೆ.

ಜೆಪಿ: ಬಂದೆ. ಸ್ಪೆಕ್ಟ್ರಮ್ ನೋಡಿದೆ, ಯಾವ ಕಂಪನ ಎಷ್ಟು ಉಂಟು ಅಂತ ತೋರಿಸುವ ಚಿತ್ರ. ಈಗ ಕೇಳಿ. ಆರನೇ ತಂತಿಯ ಡಿ 73 ಹರ್ಟ್ಸ್. ಅದಕ್ಕಿಂತ ಕೆಳಗೆ ಈ ಗಿಟಾರ್‌ನಲ್ಲಿ ಸ್ವರ ಇರ್ಲಿಕ್ಕೆ ಸಾಧ್ಯ ಇಲ್ಲ. ಆದ್ರೆ 37 ಹರ್ಟ್ಸ್ ಹತ್ತಿರ ದಪ್ಪ ಗೆರೆ ಉಂಟು, ಪ್ರತಿ ಆವರ್ತದ ಮೊದಲ ಮಾತ್ರೆಗೆ.

ವಿನಯ್: ಹೊಟ್ಟೆ ಮೇಲೆ ಬಡಿದ ಸದ್ದು ಇರಬಹುದಲ್ವಾ?

ಜೆಪಿ: ಅಲ್ಲ ಮಾರಾಯ. ಬಡಿದ ಸದ್ದು 100ರ ಆಸುಪಾಸಲ್ಲಿ ಹರಡಿ ಬಿದ್ದು ಥಟ್ಟನೆ ಹೋಗ್ತದೆ. ಇದು ಗೆರೆ ಎಳೆದ ಹಾಗೆ ನೆಟ್ಟಗೆ, ಆರನೇ ತಂತಿ ಇ ಆದಾಗ 41ಕ್ಕೆ ಏರ್ತದೆ. ಬೇಸ್‌ನ ಹಿಂದೆಯೇ ಓಡುವ ಕೆಳಗಿನ ಸ್ಥಾಯಿ. ಆಕ್ಟೇವ್ ಪೆಡಲ್, ಬೇರೆ ಎಂತದೂ ಅಲ್ಲ. ತಂತಿ ಕೂರುವ ಸ್ಯಾಡಲ್ ಪಟ್ಟಿಯ ಅಡಿಯ ಪಿಕಪ್‌ನಿಂದ ತೆಗೆದು ಮೈಕ್ ಜೊತೆ ಬೆರೆಸಿದ್ದಾನೆ.

ಬಸು: ಫೋನಿನಾಗ ಏನೂ ಕೇಳಸ್ಲಿಲ್ಲಲಾ ನನಗ.

ಜೆಪಿ: ಫೋನಿನ ಸ್ಪೀಕರ್‌ಗೆ 37 ಎಲ್ಲಿಂದ ಬರ್ಬೇಕು. ಅಷ್ಟು ಸಣ್ಣದರಲ್ಲಿ 73 ಕೂಡ ಸರಿ ಬರುವುದಿಲ್ಲ. ಹೆಡ್‌ಫೋನ್ ಹಾಕಿದ ವಿನಯನಿಗೆ ಹೆಬ್ಬೆರಳು ಅದ್ಭುತ ಅಂತ ಕಂಡದ್ದರಲ್ಲಿ ಅರ್ಧ ಪಾಲು ಆ ಡಬ್ಬಿಯದ್ದು.

ವಿನಯ್: ಅರ್ಧ ಅಲ್ಲ. ಮೂರು ಮಾತ್ರೆಯ ಜಾಗ ಡಬ್ಬಿ ಹುಡುಕಿಕೊಟ್ಟಿದ್ದಲ್ಲ. ಆದ್ರೂ ‘ಒಂದೇ ಅಕೌಸ್ಟಿಕ್ ಗಿಟಾರ್’ ಅಂತ ನಾನು ಬರೆದಿದ್ದು ತಪ್ಪು, ಒಪ್ಪಿದೆ. ಪೆಡಲ್ ಹಾಕಿದ್ರೆ ವಿಡಿಯೊ ಕೆಳಗೆ ಹೇಳಬೇಕಿತ್ತು ಅವನು.

ಜೆಪಿ: ಅಷ್ಟು ಒಪ್ಪಿದ್ರೆ ಸಾಕು. ಕೈ ಬಗ್ಗೆ ನನ್ನ ತಕರಾರಿಲ್ಲ.

ಬಸು: ನಂದೊಂದು ಉಳದದ. ಈ ಹಾಡು ಯಾವ ರಾಗ?

ಶಾಲಿನಿ: ಯಮುನಾ ಕಲ್ಯಾಣಿ. ವ್ಯಾಸರಾಯರ ದೇವರನಾಮ, ಯಾಕೆ?

ಬಸು: ಯಮುನಾ ಕಲ್ಯಾಣಿ ಅಂದ್ರ ಎರಡು ಗಾಂಧಾರದ ನಡುವ ಶುದ್ಧ ಮಧ್ಯಮ ಒಂದ ಸಲರ ಇಣುಕಬೇಕು. ಗ ಮ ಗ ರಿ ಸ. ಪೂರ್ತಿ 3:40 ಕೇಳೀನಿ, ಒಮ್ಮಿನೂ ಇಲ್ಲ. ಇದು ಬರೇ ಕಲ್ಯಾಣಿ ಆತು.

ಶಾಲಿನಿ: ಅಯ್ಯೋ ಹೌದಲ್ವಾ. 1:50ರಲ್ಲಿ ಬರಬೇಕಿತ್ತು, ಅಲ್ಲಿ ಗಾಂಧಾರದಲ್ಲೇ ನಿಂತು ರಿಷಭಕ್ಕೆ ಇಳಿದುಬಿಟ್ಟ.

ವಿನಯ್: ಸ್ವರ ಸಿಗದೇ ಅಲ್ಲ. ಮೊದಲನೇ ತಂತಿ 4, 5, 4, 2, ಬಿಡಿ. ಕಿರುಬೆರಳಿಗೂ ಕಷ್ಟ ಇಲ್ಲ. ಆದ್ರೆ ಐದನೇ ಫ್ರೆಟ್‌ನ ಮಧ್ಯಮ ಬರುವಾಗ ಕೆಳಗೆ ಮೂರನೇ ತಂತಿಯ ಗಾಂಧಾರ ಮೊಳಗ್ತಾ ಇರುತ್ತೆ. ಎರಡೂ ಒಟ್ಟಿಗೆ ಕೇಳಿದ್ರೆ ಹಲ್ಲು ಜುಂ ಅನ್ನುತ್ತೆ. ಅದಕ್ಕೇ ಬಿಟ್ಟಿದ್ದಾನೆ.

ಬಸು: ಡ್ಯಾಡ್‌ಗ್ಯಾಡ್ ಇಟ್ಟಿದ್ರ ಆ ಮಧ್ಯಮ ಬಿಟ್ಟಿ ಸಿಗತಿತ್ತು. ಅಲ್ಲೆ ಬ್ಯಾಡಾದದ್ದು, ಇಲ್ಲೆ ಬೇಕಾತು.

ವಿನಯ್: ಒಂದು ಮಾತ್ರೆಗೋಸ್ಕರ ಉಳಿದ ಮೂರೂವರೆ ನಿಮಿಷ ಕೆಡಿಸ್ಕೋಬೇಕಾ?

ಶಾಲಿನಿ: ಶ್ರುತಿ ಬದಲಿಸೋದು ಯಾಕೆ? ಆ ಮಧ್ಯಮ ಬರೋ ಹೊತ್ತಿಗೆ ತೋರುಬೆರಳನ್ನ ಮೂರನೇ ತಂತಿ ಮೇಲೆ ಸುಮ್ನೆ ಇಟ್ರೆ ಗಾಂಧಾರ ನಿಂತುಹೋಗುತ್ತಲ್ವಾ?

ವಿನಯ್: ತೋರುಬೆರಳು ಅಲ್ಲಿ ನಡುವಿನ ಮಾತ್ರೆ ತುಂಬ್ತಾ ಇರುತ್ತೆ ಕಣೆ.

ಬಸು: ಒಂದ್ ಮಾತ್ರಿ ತುಂಬಲಿಲ್ಲಂದ್ರ ಏನಾಗ್ತದ? ಕಿವಿ ಹಿಡ್ಕೊಂಡಿರ್ತದ ಅಂತ ನೀನ ಹೇಳಿದಿ ಅಲಾ.

ವಿನಯ್: ತಡಿ, ಗಿಟಾರ್ ತಗೊಂಡು ಬರ್ತೀನಿ.