ಸಹಾಯ ಬೇಕು: ಪಿನ್ ಪಾರ್ವತಿ ಪಾಸ್, ಸೆಪ್ಟೆಂಬರ್ ಮೊದಲ ವಾರ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಿಂದ ನಾವು ನಾಲ್ಕು ಜನ ಹಿಮಾಚಲದ ಪಿನ್ ಪಾರ್ವತಿ ಪಾಸ್‌ಗೆ (ಬೆಟ್ಟಸಾಲು ದಾಟೋ ಎತ್ತರದ ದಾರಿ) ಟ್ರೆಕ್ ಹೊರಟಿದ್ದೇವೆ. ಪಾರ್ವತಿ ಕಣಿವೆಯ ಬರ್ಶೇಣಿಯಿಂದ ಖೀರ್‌ಗಂಗಾ, ಮಂತಲಾಯಿ ಸರೋವರ, ಆಮೇಲೆ 5,319 ಮೀಟರ್ ಎತ್ತರದ ಪಾಸ್, ಆಚೆ ಸ್ಪಿತಿ ಕಡೆಯ ಮುದ್ ಹಳ್ಳಿ. ಹೆಚ್ಚುಕಮ್ಮಿ 100 ಕಿ.ಮೀ. ಬರ್ಶೇಣಿ ಬಿಟ್ಟ ಮೇಲೆ ಮುದ್ ಸಿಗೋವರೆಗೂ ರಸ್ತೆಯೇ ಇಲ್ಲ. ನನ್ನ ನಿದ್ದೆ ಕೆಡಿಸಿರೋದು ಅದೇ.

ಕಳೆದ ವರ್ಷ ಹಂಪ್ಟಾ ಪಾಸ್‌ಗೆ ಹೋದಾಗ ಬಾಲೂ ಕಾ ಘೇರಾ ಕ್ಯಾಂಪಲ್ಲಿ ನನ್ನ ತಮ್ಮನಿಗೆ ಎತ್ತರ ಒಗ್ಗದೆ ವಿಪರೀತ ತಲೆನೋವು ಶುರುವಾಯ್ತು. ಕುಡಿದ ಸೂಪೆಲ್ಲ ವಾಂತಿ. ಬೆಳಿಗ್ಗೆ ಶೂ ಲೇಸ್ ಕಟ್ಟೋಕೆ ಬಗ್ಗಿದವನು ಅಲ್ಲೇ ಕೂತುಬಿಟ್ಟ, ಗಂಟು ಹಾಕೋಕೆ ಬೆರಳು ಓಡ್ತಿರಲಿಲ್ಲ. ತಕ್ಷಣ ಕೆಳಗಿಳಿಸಿದ್ವಿ, ಚೇತರಿಸಿಕೊಂಡ. ಮಂತಲಾಯಿಯ ಆಚೆ ಹೀಗಾದರೆ? ರಸ್ತೆ ಮುಟ್ಟೋಕೇ ದಿನಗಟ್ಟಲೆ ಬೇಕು. ಸ್ಯಾಟಲೈಟ್ ಫೋನನ್ನೂ ಸರ್ಕಾರದ ಅನುಮತಿ ಇಲ್ಲದೆ ಇಟ್ಟುಕೊಳ್ಳೋ ಹಾಗಿಲ್ಲ.

ಮುದ್ ಕಡೆಯಿಂದ ಹತ್ತಿದರೆ ಶುರುವಿನಲ್ಲೇ 3,700 ಮೀಟರ್ ದಾಟಿರ್ತೀವಿ, ಅದಕ್ಕೇ ಪಾರ್ವತಿ ಕಣಿವೆಯಿಂದ ನಿಧಾನಕ್ಕೆ ಏರೋದು ಅಂತ ತೀರ್ಮಾನಿಸಿದ್ದೀವಿ. ವಿಶ್ರಾಂತಿಗೆ ಎರಡು ದಿನ ಹೆಚ್ಚಿಗೆ ಇಟ್ಟುಕೊಂಡಿದ್ದೀನಿ. ಆ ಎರಡನ್ನೂ ಮಂತಲಾಯಿಯಲ್ಲೇ ಕಳೆಯೋದಾ, ಅಥವಾ ಒಂದನ್ನು ಅದಕ್ಕಿಂತ ಕೆಳಗಿರೋ ‘ಓಡಿ ಥಾಚ್’ ಅನ್ನೋ ಹುಲ್ಲುಗಾವಲಿನಲ್ಲಾ? ಹೋಗಿಬಂದವರು ದಯವಿಟ್ಟು ಹೇಳಿ.

ಇನ್ನೊಂದು ವಿಷಯ, ಹಿಮನದಿಯ ಬಿರುಕುಗಳ ಮೇಲೆ ಹೊಸ ಹಿಮ ಮುಚ್ಚಿಕೊಂಡಿರುತ್ತಂತೆ. ಹಗ್ಗ ಹಿಡಿದು ನಡೆಸಿ ಪಳಗಿರೋ ಸ್ಥಳೀಯ ಗೈಡ್ ಬರ್ಶೇಣಿಯಲ್ಲೇ ಸಿಗ್ತಾರಾ, ಮನಾಲಿಯಿಂದಲೇ ಕರ್ಕೊಂಡು ಬರಬೇಕಾ? ಪೋರ್ಟರ್‌ಗಳಿಗೆ ಮುದ್‌ನಿಂದ ವಾಪಸ್ ಬರೋ ದಿನಗಳ ಕೂಲಿ ಹೇಗೆ ಲೆಕ್ಕ ಹಾಕ್ತಾರೆ? ಅವರಿಗೆ ಕಮ್ಮಿ ಕೊಟ್ಟು ಬರೋಕೆ ನನಗೆ ಮನಸ್ಸಿಲ್ಲ.