ವೈನ್ ಗೋದಾಮಿನಲ್ಲಿ ಥರ್ಮಾಕೋಲ್ ಬಿಟ್ಟವರು ಅನುಭವ ಹೇಳಿ

ಹೊಸ ಉಸ್ತುವಾರಿ: ನಮ್ಮದು ವೈನ್ ಪಾರ್ಸೆಲ್ ಕಳಿಸುವ ಗೋದಾಮು. ಹೆಚ್ಚಿನವು ಎರಡು, ಮೂರು ಬಾಟಲಿಯ ಪೆಟ್ಟಿಗೆ. ಪರಿಸರದ ದೃಷ್ಟಿಯಿಂದ ಥರ್ಮಾಕೋಲ್ ಬಿಟ್ಟು ಪಲ್ಪ್ ಟ್ರೇಗೆ, ಅಂದರೆ ಕಾಗದದ ತಿರುಳಿನಿಂದ ಅಚ್ಚು ಹಾಕಿದ ಟ್ರೇಗೆ, ಹೋಗೋಣ ಅಂತಿದ್ದೇವೆ. ಮಾಡಿ ನೋಡಿದವರು ದಯವಿಟ್ಟು ಹೇಳಿ.

ಪ್ಯಾಕಿಂಗ್ ಮೇಲ್ವಿಚಾರಕಿ: ನಾವು ಬಿಟ್ಟು ಎರಡು ವರ್ಷ ಆಯಿತು. ಮೊದಲ ತಿಂಗಳೇ 41 ಬಾಟಲಿ ಒಡೆದವು. ಒಂದು ರೆಡ್ ವೈನ್ ಒಡೆದರೆ ಕೆಳಗಿನ ಪೆಟ್ಟಿಗೆಗಳ ತಳವೆಲ್ಲ ನೆನೆದು ಕಿತ್ತು ಬರುತ್ತಿತ್ತು. ಲೇಬಲ್ ಹಾಳಾದ ಬಾಟಲಿಯನ್ನು ಯಾರೂ ತಗೊಳ್ಳಲ್ಲ. ತಪ್ಪು ಟ್ರೇಯದ್ದಲ್ಲ, ನಮ್ಮದು. ಕಾರ್ಕ್ ಒಣಗಬಾರದು ಅಂತ ವೈನ್ ಕೋಣೆಯಲ್ಲಿ ತೇವ 70% ಇಟ್ಟಿರುತ್ತೇವೆ. ಟ್ರೇಗಳನ್ನೂ ಅಲ್ಲೇ ಒಟ್ಟಿದ್ದೆವು. ಹೆಬ್ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತಿತ್ತು. ಒಣ ಕೋಣೆಗೆ ಸಾಗಿಸಿದ ಮೇಲೆ, ಮುಂದಿನ ತಿಂಗಳು ಒಡೆದದ್ದು ಮೂರೇ. ಇನ್ನು ನಾನಂತೂ ವಾಪಸ್ ಹೋಗಲ್ಲ.

ಹಳೇ ಸ್ಟೋರ್‌ಕೀಪರ್: ನಾನು ಬಿಟ್ಟು, ಮತ್ತೆ ಥರ್ಮಾಕೋಲ್‌ಗೇ ಬಂದೆ. ಹೇಳಿಕೊಳ್ಳೋಕೆ ನಾಚಿಕೆ ಇಲ್ಲ. ಒಂದೇ ಬೇಸಿಗೆಯಲ್ಲಿ 96 ಬಾಟಲಿ ವಾಪಸ್ ಬಂದವು. ಬಿಸಿಗೆ ವೈನ್ ಹಿಗ್ಗಿ ಕಾರ್ಕ್ ಮೇಲೆದ್ದಿತ್ತು. ಫಾಯಿಲ್ ಬಿಚ್ಚಿದರೆ ಬಾಯಿಯ ಸುತ್ತ ಅಂಟು ಅಂಟು. ದ್ರಾಕ್ಷಿಗೆ ಹಾಯಿಸಿದ ನೀರು, ಗಾಜು ಕರಗಿಸಿದ ಬೆಂಕಿ, ಹೋಗಿ ಬಂದ ಡೀಸೆಲ್, ಎಲ್ಲ ದಂಡ. ಪರಿಸರಕ್ಕೆ ಇದರಿಂದ ಏನು ಉಪಕಾರ ಆಯಿತು?

ಪ್ಯಾಕಿಂಗ್ ಮೇಲ್ವಿಚಾರಕಿ: ಶುಕ್ರವಾರ ಸಂಜೆ ಕಳಿಸಿರುತ್ತೀರಿ ಸರ್. ಶನಿವಾರ, ಭಾನುವಾರ ಮಾಲು ವ್ಯಾನಿನಲ್ಲೇ ಬೇಯುತ್ತೆ. ಥರ್ಮಾಕೋಲ್ ಆದರೂ ಬಿಸಿ ಒಳಗೆ ಬರೋದನ್ನು ತಡ ಮಾಡುತ್ತೆ ಅಷ್ಟೇ. ನಾವು ಸೋಮವಾರ, ಮಂಗಳವಾರ ಮಾತ್ರ ಕಳಿಸುತ್ತೇವೆ. ಸೆಕೆ ಜಾಸ್ತಿ ಇದ್ದರೆ ಗಿರಾಕಿಗೆ ಹೇಳಿ ತಡೆದಿಡುತ್ತೇವೆ.

ಹಳೇ ಸ್ಟೋರ್‌ಕೀಪರ್: ಶುಕ್ರವಾರ ಅಂತ ನಾನೆಲ್ಲಿ ಹೇಳಿದೆ ಮೇಡಂ? ಕಳಿಸಿದ್ದು ಬುಧವಾರ. ಕೇಳದೇ ತಪ್ಪು ಹೊರಿಸಬೇಡಿ.

ಕೂಲಿಂಗ್ ಮೆಕ್ಯಾನಿಕ್: ಬರೀ ಪೆಟ್ಟಿಗೆ ಹಿಡಿದುಕೊಂಡು ಕೂತರೆ ಹೇಗೆ? ನಮ್ಮ ಕೋಲ್ಡ್ ರೂಮಿನಲ್ಲಿ ತಂಪು ಮಾಡೋಕೆ ಇದ್ದದ್ದು ಆರ್-404ಎ ಅನ್ನೋ ಗ್ಯಾಸ್. ಅದು ಒಂದು ಕೆಜಿ ಸೋರಿದರೆ ಸುಮಾರು 3,900 ಕೆಜಿ ಕಾರ್ಬನ್ ಡೈಆಕ್ಸೈಡ್ ಬಿಟ್ಟ ಹಾಗೆ. ಸೋರಿದ್ದಕ್ಕೆ ನಾವು ನಾಲ್ಕು ಕೆಜಿ ತುಂಬಿಸಿದ ಮೇಲೆ ಸೋರುವ ಜಾಗ ಸಿಕ್ಕಿತು. ಪೈಪ್ ತಿರುಗುವ ಕಡೆ ಸೂಜಿ ಮೊನೆಯಷ್ಟು ತೂತು. ಸೋಪಿನ ನೀರು ಹಚ್ಚಿದಾಗ ಸಣ್ಣಗೆ ಗುಳ್ಳೆ ಎದ್ದಿತು. ಅದಾದ ಮೇಲೆ ಲೋಡಿಂಗ್ ಬಾಗಿಲಿಗೆ ಪ್ಲಾಸ್ಟಿಕ್ ಪಟ್ಟಿ ಪರದೆ ಹಾಕಿದೆ. ಹಳೇ ಬಲ್ಬ್ ತೆಗೆದು ಎಲ್‌ಇಡಿ ಹಾಕಿದೆ. ಬಲ್ಬಿನ ಬಿಸಿಯನ್ನೂ ಕೂಲರ್ರೇ ಹೊರಗೆ ಹಾಕಬೇಕು ಅಲ್ವಾ?

ಪ್ಯಾಕಿಂಗ್ ಮೇಲ್ವಿಚಾರಕಿ: ಅವರು ಕೇಳಿದ್ದು ಟ್ರೇ ಬಗ್ಗೆ. ಗ್ಯಾಸ್ ಬಗ್ಗೆ ಅಲ್ಲ.

ಕೂಲಿಂಗ್ ಮೆಕ್ಯಾನಿಕ್: ಸೋರಿಕೆ ನೋಡದೆ ಟ್ರೇ ಬದಲಿಸಿದ್ದು ನಾವೇ ಅಮ್ಮ. ಅದಕ್ಕೇ ಹೇಳಿದ್ದು.

ಹೊಸ ಉಸ್ತುವಾರಿ: ಸ್ಪಾರ್ಕ್ಲಿಂಗ್ ವೈನ್ ಬಾಟಲಿ ಆ ಟ್ರೇಯಲ್ಲಿ ಕೂರುತ್ತಾ?

ಹಳೇ ಸ್ಟೋರ್‌ಕೀಪರ್: ಕೂರಲ್ಲ. ಒಳಗೆ ಐದಾರು ಬಾರ್‌ನಷ್ಟು ಗ್ಯಾಸಿನ ಒತ್ತಡ ಇರುತ್ತೆ, ಅದಕ್ಕೇ ಗಾಜು ದಪ್ಪ, ಹೊಟ್ಟೆ ಅಗಲ. ಅದುಮಿ ಕೂರಿಸಿದರೆ ಟ್ರೇ ಅಂಚು ಹರಿಯುತ್ತೆ.

ಪ್ಯಾಕಿಂಗ್ ಮೇಲ್ವಿಚಾರಕಿ: ಅದಕ್ಕೆ ಅಗಲ ಗುಂಡಿಯ ಟ್ರೇ ಬೇರೆ ಬರುತ್ತೆ. ನಾವು ಅದರಲ್ಲೇ ಕಳಿಸ್ತಿದ್ದೇವೆ.

ಹಳೇ ಸ್ಟೋರ್‌ಕೀಪರ್: ಇರಲಿ. ನಾನು ಕಳಿಸಿದ್ದು ಬುಧವಾರ. ಅದನ್ನು ಮೊದಲು ಒಪ್ಪಿಕೊಳ್ಳಿ.